ಒಂದೇ ಪದ, ನಾಲ್ಕು ಲರ್ನರ್ಸ್ ಡಿಕ್ಷನರಿ: ಎನ್ಶೂರ್ ಹಾಕಿ ನೋಡಿದಾಗ

ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ಒಳ್ಳೊಳ್ಳೆ ಡಿಕ್ಷನರಿಗಳು ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಆದರೂ ಜಾಸ್ತಿ ಜನ ಸರ್ಚ್ ಬಾಕ್ಸಿನಲ್ಲಿ ಪದ ಹಾಕಿ, ಮೊದಲು ಕಂಡ ಅರ್ಥ ನೋಡಿ ಮುಚ್ಚಿಬಿಡುತ್ತಾರೆ. ಆಫೀಸ್ ಮೇಲ್, ಅರ್ಜಿ, ರಿಪೋರ್ಟ್ ಬರೆಯೋಕೆ ಅಷ್ಟು ಸಾಲುವುದಿಲ್ಲ. ಹಾಗಾಗಿ ಲಾಂಗ್‌ಮನ್, ಆಕ್ಸ್‌ಫರ್ಡ್, ಕಾಲಿನ್ಸ್ ಕೋಬಿಲ್ಡ್, ಕೇಂಬ್ರಿಡ್ಜ್ ನಾಲ್ಕರಲ್ಲೂ ಎನ್ಶೂರ್ ಅನ್ನೋ ಒಂದೇ ಪದ ಹಾಕಿ ನೋಡಿದೆ.

ಈ ಪದವೇ ಯಾಕೆ? ಅರ್ಥ ಗೊತ್ತಿದೆ ಅನಿಸುತ್ತದೆ, ಬಳಸುವಾಗ ಕೈಕೊಡುತ್ತದೆ. ಕನ್ನಡದಲ್ಲಿ ನಾವು ಕನ್ಫರ್ಮ್‌ಗೂ ಖಚಿತಪಡಿಸು ಅನ್ನುತ್ತೇವೆ, ಎನ್ಶೂರ್‌ಗೂ ಅದೇ. ಆದರೆ ಮೀಟಿಂಗ್ ಇದೆಯೋ ಇಲ್ಲವೋ ವಿಚಾರಿಸಿ ಹೇಳುವುದು ಕನ್ಫರ್ಮ್. ಮೀಟಿಂಗ್ ನಡೆದೇ ನಡೆಯುವಂತೆ ಬೇಕಾದ್ದನ್ನೆಲ್ಲ ಮಾಡುವುದು ಎನ್ಶೂರ್. ಪಕ್ಕದಲ್ಲೇ ಅಶ್ಯೂರ್ ಅಂತ ಇನ್ನೊಂದಿದೆ, ಅದು ಒಬ್ಬರಿಗೆ ಮಾತು ಕೊಟ್ಟು ಧೈರ್ಯ ಹೇಳುವುದು.

ನನ್ನ ಮೊದಲ ಆಯ್ಕೆ ಲಾಂಗ್‌ಮನ್. 1978ರ ಮೊದಲ ಆವೃತ್ತಿಯಿಂದಲೂ ಸುಮಾರು 2000 ಸರಳ ಪದಗಳಲ್ಲೇ ಎಲ್ಲದರ ಅರ್ಥ ಬರೆಯುವುದು ಇವರ ಪದ್ಧತಿ. ಒಂದು ಪದ ಹುಡುಕಲು ಹೋಗಿ, ಅದರ ವಿವರಣೆಯಲ್ಲಿರುವ ಇನ್ನೆರಡು ಪದಕ್ಕೆ ಮತ್ತೆ ಡಿಕ್ಷನರಿ ತೆಗೆಯುವ ಗೋಳು ಇಲ್ಲಿ ಕಡಿಮೆ. ಎನ್ಶೂರ್ ಪುಟದಲ್ಲಿ ಒಂದು ಪುಟ್ಟ ಟಿಪ್ಪಣಿಯೂ ಇದೆ: ದಿನನಿತ್ಯದ ಮಾತಿನಲ್ಲಿ ಜನ ಇದರ ಬದಲು ಮೇಕ್ ಶೂರ್ ಅನ್ನುತ್ತಾರೆ ಅಂತ. ಕಲಿಯುವವರಿಗೆ ಬೇಕಾದ್ದು ಇದೇ ಅಲ್ವಾ? ಗೆಳೆಯನಿಗೆ 'ಪ್ಲೀಸ್ ಎನ್ಶೂರ್ ದಟ್ ದ ಡೋರ್ ಈಸ್ ಲಾಕ್ಡ್' ಅಂತ ಮೆಸೇಜ್ ಹಾಕಿದರೆ ವ್ಯಾಕರಣ ಸರಿಯಾಗಿಯೇ ಇರುತ್ತದೆ, ಆದರೆ ಅವನಿಗೆ ನೋಟಿಸ್ ಬೋರ್ಡ್ ಓದಿದ ಹಾಗಾಗುತ್ತದೆ. ಕೆಳಗೆ ಕೊಡುವ ಕಾರ್ಪಸ್ ಉದಾಹರಣೆಗಳು, ಅಂದರೆ ಜನ ನಿಜವಾಗಿ ಬರೆದದ್ದು, ಆಡಿದ್ದು ಕಲೆಹಾಕಿದ ಸಂಗ್ರಹದಿಂದ ಎತ್ತಿದವು, ಮಾತ್ರ ನನಗೆ ಅಷ್ಟು ಹಿಡಿಸಲಿಲ್ಲ. ಎಲ್ಲಿಂದಲೋ ಕತ್ತರಿಸಿ ತಂದ ವಾಕ್ಯಗಳು, ಹಿಂದೆ ಮುಂದೆ ಏನಿತ್ತು ಅಂತ ತಿಳಿಯುವುದಿಲ್ಲ.

ಆಕ್ಸ್‌ಫರ್ಡ್‌ನ ಬಲ ಇರುವುದು ಪದ ವಾಕ್ಯದಲ್ಲಿ ಹೇಗೆ ಕೂರುತ್ತದೆ ಅನ್ನೋದರಲ್ಲಿ. ಇದರ ಹಿಂದಿನ ಮುಖ್ಯ ಹೆಸರು ಎ. ಎಸ್. ಹಾರ್ನ್‌ಬಿ, ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮೇಷ್ಟ್ರು. ಡಿಕ್ಷನರಿ ಮೊದಲು ಅಚ್ಚಾಗಿದ್ದು ಟೋಕಿಯೊದಲ್ಲಿ, 1942ರಲ್ಲಿ. ಆಕ್ಸ್‌ಫರ್ಡ್ ತಂದಿದ್ದು 1948ರಲ್ಲಿ. ಹೊರಗಿನಿಂದ ಕಲಿಯುವವರು ಎಲ್ಲಿ ಎಡವುತ್ತಾರೆ ಅಂತ ಮೇಷ್ಟ್ರಿಗೆ ಗೊತ್ತಿರುತ್ತದೆ, ಅದು ಇವತ್ತಿಗೂ ಪುಟದಲ್ಲಿ ಕಾಣುತ್ತದೆ. ಎನ್ಶೂರ್ ಆದ ಮೇಲೆ ನೇರವಾಗಿ ಒಂದು ವಿಷಯ ಬರಬಹುದು, 'ಎನ್ಶೂರ್ ಸೇಫ್ಟಿ' ಅನ್ನೋ ಹಾಗೆ. ಇಲ್ಲವೇ ದಟ್ ಹಾಕಿ, ಕೆಲವು ಸಲ ದಟ್ ಬಿಟ್ಟು, ಪೂರ್ತಿ ವಾಕ್ಯ ಬರಬಹುದು. 'ಪ್ಲೀಸ್ ಎನ್ಶೂರ್ ಟು ಸೆಂಡ್' ಅಂತ ಮೇಲ್‌ಗಳಲ್ಲಿ ಧಾರಾಳವಾಗಿ ಕಾಣುತ್ತೇವಲ್ಲ, ಆ ಟು ಬರುವ ಮಾದರಿಯೇ ಇಲ್ಲಿಲ್ಲ. ಟು ಬೇಕೇ ಬೇಕು ಅಂದರೆ 'ಬೀ ಶೂರ್ ಟು ಸೆಂಡ್' ಅನ್ನಿ. ಅಮೆರಿಕದಲ್ಲಿ ಇದೇ ಅರ್ಥಕ್ಕೆ ಇನ್ಶೂರ್ ಅಂತಲೂ ಬರೆಯುತ್ತಾರೆ ಅನ್ನೋದನ್ನೂ ಇದು ಹೇಳುತ್ತದೆ. ನನ್ನ ಸಲಹೆ ಕೇಳಿದರೆ ಇನ್ಶೂರ್ ಅನ್ನು ವಿಮೆಗೇ ಬಿಟ್ಟುಬಿಡಿ, ಸುಮ್ನೆ ಗೊಂದಲ ಬೇಡ.

ಕೋಬಿಲ್ಡ್ ಬೇರೆಯದೇ ದಾರಿ ಹಿಡಿಯಿತು. 1987ರಲ್ಲಿ ಬಂದಾಗಿನಿಂದ ಇದು ಅರ್ಥವನ್ನೇ ಪೂರ್ತಿ ವಾಕ್ಯವಾಗಿ ಹೇಳುತ್ತದೆ. ಏನನ್ನಾದರೂ ಎನ್ಶೂರ್ ಮಾಡುವುದು ಅಂದರೆ ಅದು ಖಂಡಿತ ಆಗುವಂತೆ ನೋಡಿಕೊಳ್ಳುವುದು, ಅನ್ನೋ ಧಾಟಿಯಲ್ಲಿ. ಕ್ಲಾಸಿನಲ್ಲಿ ಯಾರೋ ಎದುರಿಗೆ ಕೂತು ಹೇಳಿದಂತೆ ಓದಿಸಿಕೊಳ್ಳುತ್ತದೆ, ಫಾರ್ಮಲ್ ಅನ್ನೋ ಗುರುತೂ ಹಾಕಿದ್ದಾರೆ. ಆದರೆ ಕಾಲಿನ್ಸ್ ಸೈಟು ಒಂದೇ ಪುಟದಲ್ಲಿ ಕೋಬಿಲ್ಡ್ ಅರ್ಥ, ಅದರ ಕೆಳಗೆ ಬ್ರಿಟಿಷ್ ಇಂಗ್ಲಿಷ್, ಅದರ ಕೆಳಗೆ ಅಮೆರಿಕನ್ ಇಂಗ್ಲಿಷ್ ಅಂತ ರಾಶಿ ಹಾಕುತ್ತದೆ, ನಡುನಡುವೆ ಜಾಹೀರಾತು ಬೇರೆ. ಹೊಸಬರಿಗೆ ತಲೆ ಕೆಡುತ್ತದೆ. ಮೇಲಿನ ಭಾಗ ಓದಿ ಹೊರಡಿ.

ಕೇಂಬ್ರಿಡ್ಜ್ ಚುಟುಕು, ಫೋನಿನಲ್ಲಿ ಬೇಗ ನೋಡೋಕೆ ಒಳ್ಳೆಯದು, ಉಚ್ಚಾರಣೆ ಬ್ರಿಟಿಷ್ ಮತ್ತು ಅಮೆರಿಕನ್ ಎರಡೂ ಕೇಳಿಸುತ್ತದೆ. ಪದ ಕಲಿಕೆಯ ಯಾವ ಹಂತದ್ದು ಅಂತ ಎ1, ಬಿ2 ಹೀಗೆ ತೋರಿಸುವ ಗುರುತು ಆಕ್ಸ್‌ಫರ್ಡ್‌ನಲ್ಲೂ ಇದೆ, ಇಲ್ಲೂ ಇದೆ. ಪರೀಕ್ಷೆಗೆ ಓದುವವರಿಗೆ ಅದು ಉಪಯೋಗ, ಉಳಿದವರು ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇಂಗ್ಲಿಷ್ ವಾಕ್ಯ ಓದಿ ಅರ್ಥ ಮಾಡಿಕೊಳ್ಳೋಕೇ ಕಷ್ಟಪಡುವವರಿಗೆ ಈ ನಾಲ್ಕರಲ್ಲಿ ಯಾವುದೂ ಈಗಲೇ ಬೇಡ, ಸದ್ಯಕ್ಕೆ ಇಂಗ್ಲಿಷ್-ಕನ್ನಡ ನಿಘಂಟೇ ಸರಿ. ಮೇಲ್ ಬರೆಯುವ ಮಟ್ಟಕ್ಕೆ ಬಂದವರು ಲಾಂಗ್‌ಮನ್ ತೆರೆದಿಟ್ಟುಕೊಳ್ಳಿ, ಪದದ ಮುಂದೆ ಏನು ಬರಬೇಕು ಅನ್ನೋ ಅನುಮಾನ ಬಂದಾಗ ಆಕ್ಸ್‌ಫರ್ಡ್‌ಗೆ ಹೋಗಿ.