ಸಿಲ್ವರ್ ಫರ್ ನೆಡುವುದಾ, ನಾರ್ವೆ ಸ್ಪ್ರೂಸ್ ನೆಡುವುದಾ?

ಯುರೋಪಿನ ಆಲ್ಪ್ಸ್ ಬೆಟ್ಟದ ಕಾಡುಗಳಲ್ಲಿ ಸೂಜಿಯಂಥ ಎಲೆಯ ಈ ಎರಡೂ ಮರಗಳು ಅಕ್ಕಪಕ್ಕ ಬೆಳೆಯುತ್ತವೆ, 50 ಮೀಟರ್ ಎತ್ತರ ಮುಟ್ಟುವುದೂ ಉಂಟು. ದೂರದಿಂದ ಗುರುತಿಸುವುದು ಕಷ್ಟ. ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ: ಫರ್ ಎಲೆ ಚಪ್ಪಟೆ, ಮೆತ್ತಗೆ, ಅಡಿಯಲ್ಲಿ ಎರಡು ಬಿಳಿ ಗೆರೆ. ಸ್ಪ್ರೂಸ್ ಎಲೆ ಚುಚ್ಚುತ್ತದೆ.

ಗಾಳಿ ಜಾಸ್ತಿ ಇರುವ ಜಾಗಕ್ಕೆ ಫರ್ ವಾಸಿ. ಅದರ ಬೇರು ಆಳಕ್ಕಿಳಿಯುತ್ತದೆ. ಸ್ಪ್ರೂಸ್ ಬೇರು ಮೇಲ್ಮೇಲೇ ಹರಡುವುದರಿಂದ ಬಿರುಗಾಳಿಗೆ ಬುಡಸಮೇತ ಉರುಳುತ್ತದೆ. ಬರ ಬಂದರೆ ತೊಗಟೆ ಕೊರೆಯುವ ಹುಳುವಿನ ಕಾಟ ಬೇರೆ.

ಹಾಗಂತ ಫರ್ ಸಾಕುವುದು ಸುಲಭವಲ್ಲ. ಎಳೆ ಗಿಡಕ್ಕೆ ನೆರಳು ಬೇಕು, ವಸಂತದಲ್ಲಿ ತಡವಾಗಿ ಬೀಳುವ ಹಿಮಕ್ಕೆ ಚಿಗುರು ಕರಕಲಾಗುತ್ತದೆ, ಜಿಂಕೆಗಳಂತೂ ಸುಮ್ನೆ ಬಿಡುವುದಿಲ್ಲ. ಬೇಲಿ ಹಾಕಿ ಕಾಯುವ ತಾಳ್ಮೆ ಇಲ್ಲದಿದ್ದರೆ ಸ್ಪ್ರೂಸೇ ಸರಿ.

ಕಡಿದ ಮರವನ್ನು ಕ್ರಿಸ್‌ಮಸ್‌ಗೆ ಮನೆಯೊಳಗೆ ಇಡುವುದಾದರೆ ಮಾತ್ರ ಯೋಚನೆಯೇ ಬೇಡ, ಫರ್ ತನ್ನಿ. ಸ್ಪ್ರೂಸ್ ಬೇಗ ಎಲೆ ಉದುರಿಸುತ್ತದೆ, ಗುಡಿಸುವವರು ನೀವೇ ಅಲ್ವಾ?