ಮಕ್ಕಳ ಫೋನಿಗೆ ರಾತ್ರಿ ಬೀಗ: ಗೂಗಲ್ ಫ್ಯಾಮಿಲಿ ಲಿಂಕ್ ಆ್ಯಪ್

ಶಿರಸಿ ಕಡೆ ಹಳ್ಳಿಲಿರೋರಿಗೆ ಸ್ಕೂಲ್ ಬಸ್ಸು ಬೆಳಿಗ್ಗೆ ಬೇಗನೇ ಬರತ್ತೆ, ಮಕ್ಕಳು ರಾತ್ರಿ ಹನ್ನೊಂದರವರೆಗೂ ರೀಲ್ಸ್ ನೋಡ್ತಾ ಕೂತ್ರೆ ನಿದ್ದೆ ಎಲ್ಲಿ ಸಾಕಾಗತ್ತೆ ಮಾರಾಯ್ರೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕೇ ಬೇಕು, 13ರಿಂದ 18 ವರ್ಷದವ್ರಿಗೂ 8ರಿಂದ 10 ಗಂಟೆ. ಹಂಗಾಗಿ ಮಗನ ಫೋನಿಗೆ ಈ ಆ್ಯಪ್ ಹಾಕಿದ್ವಿ, ಫ್ರೀ ಇದೆ, ನಂಗಂತೂ ತುಂಬಾ ಇಷ್ಟ ಆಗಿದೆ.

ಇದರಲ್ಲಿ ಡೌನ್‌ಟೈಮ್ ಅಂತ ಇದೆ, ನಾವು ಎಂಟೂವರೆಗೆ ಇಟ್ಟಿದೀವಿ, ಆ ಟೈಮಿಗೆ ಫೋನ್ ತಾನಾಗೇ ಲಾಕ್ ಆಗತ್ತೆ ಆದ್ರೆ ಕಾಲ್ ಬಂದ್ರೆ ಎತ್ತಬಹುದು, ಅದು ಒಳ್ಳೇದು. ಮೊದಮೊದಲು ಮಾಣಿ ಮುಖ ಊದಿಸ್ಕೊಂಡು "ಅಮ್ಮಾ ಇನ್ನೊಂದೇ ವಿಡಿಯೋ" ಅಂತಿದ್ದ, ಈಗ ಊಟ ಮುಗಿಸಿ ಅಜ್ಜನ ಹತ್ರ ಕತೆ ಕೇಳ್ತಾ ಅಲ್ಲೇ ತೂಕಡಿಸ್ತಾನೆ, ಬೆಳಿಗ್ಗೆ ದೋಸೆ ತಟ್ಟೆ ಮುಂದೆ ಕೂತು ಕಣ್ಣು ಉಜ್ಜೋದು ನಿಂತಿದೆ. ಸ್ಕ್ರೀನ್ ಬೆಳಕು ಮೆಲಟೋನಿನ್ ಅನ್ನೋ ನಿದ್ದೆ ಹಾರ್ಮೋನನ್ನ ಕಮ್ಮಿ ಮಾಡತ್ತೆ, ಅದಕ್ಕೇ ಮಲಗೋ ಟೈಮಿಗಿಂತ ಒಂದು ಗಂಟೆ ಮೊದಲೇ ಲಾಕ್ ಇಡಿ, ಹಾಸಿಗೆ ಮೇಲೆ ಹೋದ್ಮೇಲೆ ಅಲ್ಲ.

ನಮ್ಮ ಕಡೆಯವ್ರು ಗಮನಿಸಿ, ನೀವು ನಿಮ್ಮ ಫೋನಿಂದ ಈ ಲಾಕ್ ಟೈಮ್ ಬದಲಾಯಿಸಿದ್ರೆ ಮಗು ಫೋನಿಗೆ ನೆಟ್ ಸಿಕ್ಕಮೇಲೇ ಅದು ತಗೊಳ್ಳೋದು, ಮಳೆಗಾಲದಲ್ಲಿ ಕರೆಂಟ್ ಹೋಗಿ ನೆಟ್‌ವರ್ಕೂ ಇಲ್ಲದಿದ್ರೆ ಕಾಯಬೇಕು. ಹಳೇ ಟೀವಿಗೆಲ್ಲ ಇದು ನಡೆಯಲ್ಲ, ರಿಮೋಟ್ ನೀವೇ ಎತ್ತಿಡಬೇಕು. 2 ವರ್ಷದೊಳಗಿನ ಪಾಪುಗೆ ಮಾತ್ರ ಆ್ಯಪೂ ಬೇಡ ಫೋನೂ ಬೇಡ, ಅನ್ನ ತಿನ್ಸೋಕೆ ಅಂತಾನೂ ಕೊಡಬೇಡಿ ದಯವಿಟ್ಟು.