ಮೂರು ವರ್ಷ ಬಳಸಿದ ಮೇಲೆ: ಹಗಲು ಓಡುವ, ಸಂಜೆ ತೆವಳುವ ಫೈಬರ್ ಲೈನ್ (5ರಲ್ಲಿ 2)

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಗೆ ಈ ಫೈಬರ್ ಬಂದು ಮೂರು ವರ್ಷ ಆಯ್ತು. 100 ಎಂಬಿಪಿಎಸ್ ಪ್ಲಾನ್. ಅಪ್‌ಲೋಡೂ ಅಷ್ಟೇ. ತಿಂಗಳಿಗೆ 3300 ಜಿಬಿ ಮಿತಿ, ಅದರ ಅರ್ಧವನ್ನೂ ನಾನು ಯಾವತ್ತೂ ಮುಟ್ಟಿಲ್ಲ. ಕಂಪನಿಯ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ನಾನು ನೋಡಿದ್ದು ಒಂದು ಬಿಲ್ಡಿಂಗ್‌ನ ಒಂದು ಲೈನ್ ಮಾತ್ರ. ಆದರೆ ಇಂಥದ್ದೇ ತೊಂದರೆ ಇರುವವರು ಹೇಗೆ ಪರೀಕ್ಷೆ ಮಾಡಬೇಕು ಅನ್ನೋದು ಇದರಿಂದ ಗೊತ್ತಾಗಬಹುದು.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಮೂರು ಮಳೆಗಾಲದಲ್ಲಿ ಲೈನ್ ಹೋಗಿದ್ದು ಎರಡೇ ಸಲ. ವಿಡಿಯೊ, ಆಫೀಸ್ ಕಾಲ್, ಮಗಳ ಆನ್‌ಲೈನ್ ಕ್ಲಾಸ್ ಯಾವುದಕ್ಕೂ ತಕರಾರಿಲ್ಲ. ಬರೀ ಇಷ್ಟಕ್ಕೇ ಇಂಟರ್‌ನೆಟ್ ಬೇಕು ಅನ್ನುವವರು ಧಾರಾಳವಾಗಿ ತೆಗೆದುಕೊಳ್ಳಬಹುದು.

ನನಗೆ ಬೇಕಿದ್ದು ಇನ್ನೊಂದು ಕೆಲಸಕ್ಕೆ. ಅಪ್ಪ ಮಾಟುಂಗದ ಕಡೆ ತಾಳಮದ್ದಳೆ ಇದ್ದರೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗುತ್ತಿದ್ದರು. ಕಲಾವಿದರನ್ನು ಕೇಳಿಯೇ ಮುಂದಿನ ಸಾಲಿನಲ್ಲಿ ಕೂತು ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. ಹಾಗೆ ಉಳಿದದ್ದು 42 ಕ್ಯಾಸೆಟ್. ಒಂದೊಂದರ ಮೇಲೂ ನೀಲಿ ಇಂಕಿನಲ್ಲಿ ಪ್ರಸಂಗದ ಹೆಸರು, ಭಾಗವತರ ಹೆಸರು. ಕೆಲವು ಟೇಪ್ ಬೂಷ್ಟು ಹಿಡಿದಿತ್ತು, ಹತ್ತಿಯಲ್ಲಿ ಒರೆಸಿ ಒರೆಸಿ ಕಂಪ್ಯೂಟರಿಗೆ ಇಳಿಸಿದೆ. ಒಂದೂವರೆ ಗಂಟೆಯ ಒಂದು ಸಿ-90 ಕ್ಯಾಸೆಟ್ ವೇವ್ ಫೈಲ್ ಆದರೆ ಸುಮಾರು 950 ಎಂಬಿ. ಒಟ್ಟು 40 ಜಿಬಿ. ಇದನ್ನು ಕುಂದಾಪುರದ ಅಣ್ಣನಿಗೆ, ಪುಣೆಯ ಅತ್ತೆ ಮನೆಗೆ, ದೋಹಾದಲ್ಲಿರುವ ಅಕ್ಕನ ಮಗನಿಗೆ ಕಳಿಸಬೇಕು. ಟೊರೆಂಟ್, ಅಂದರೆ ಫೈಲನ್ನು ತುಂಡು ತುಂಡಾಗಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹಂಚುವ ವಿಧಾನ, ಇದಕ್ಕೆ ಹೇಳಿ ಮಾಡಿಸಿದ್ದು. ನಾನು ಅಣ್ಣನಿಗೆ ಒಂದು ತುಂಡು ಕೊಡುತ್ತೇನೆ, ಅಕ್ಕನ ಮಗನಿಗೆ ಇನ್ನೊಂದು. ಆಮೇಲೆ ಅವರವರೇ ಹಂಚಿಕೊಳ್ಳುತ್ತಾರೆ. ಎಲ್ಲರಿಗೂ ಪೂರ್ತಿ 40 ಜಿಬಿ ನಾನೇ ಕಳಿಸಬೇಕಾಗಿಲ್ಲ.

ಮೊದಲ ವರ್ಷ ಹಾಗೇ ನಡೆಯಿತು. 100 ಎಂಬಿಪಿಎಸ್ ಅಂದರೆ ಲೆಕ್ಕಕ್ಕೆ ಸೆಕೆಂಡಿಗೆ 12.5 ಮೆಗಾಬೈಟ್, ಕೈಗೆ ಸಿಗುವುದು 11ರ ಹತ್ತಿರ. ಆ ವೇಗದಲ್ಲಿ 40 ಜಿಬಿಗೆ ಒಂದು ಗಂಟೆ. ಎರಡನೇ ವರ್ಷದಿಂದ ಸಂಜೆ ಏಳಾಯಿತೆಂದರೆ ಟೊರೆಂಟ್ ಮಾತ್ರ ಸೆಕೆಂಡಿಗೆ 150 ಕೆಬಿಗೆ ಇಳಿಯತೊಡಗಿತು. ಆ ಲೆಕ್ಕದಲ್ಲಿ ಅದೇ ಕೆಲಸಕ್ಕೆ ಮೂರು ದಿನ ಬೇಕು. ರಾತ್ರಿ ಹನ್ನೆರಡು ದಾಟಿದ ಮೇಲೆ ಮತ್ತೆ ಸರಿ. ನಾನು ಸಿಎಸ್‌ಎಂಟಿಯಿಂದ ಲೋಕಲ್ ಹಿಡಿದು ಮನೆ ಸೇರುವುದೇ ಎಂಟೂವರೆಗೆ. ನನಗೆ ಸಿಗುವ ಹೊತ್ತೂ ಅದೊಂದೇ ಅಲ್ವಾ!

ಸುಮ್ನೆ ದೂರಬಾರದು ಅಂತ ಒಂದು ವಾರ ಪರೀಕ್ಷೆ ಮಾಡಿದೆ. ವೈಫೈ ಬಿಟ್ಟು ಕೇಬಲ್ ಹಾಕಿದೆ. ರಾತ್ರಿ ಒಂಬತ್ತಕ್ಕೆ ಡೆಬಿಯನ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂನ ಡಿವಿಡಿ ಇಮೇಜನ್ನು ಬ್ರೌಸರಿನಲ್ಲಿ ಇಳಿಸಿದರೆ 11 ಎಂಬಿ. ಅದೇ ಫೈಲ್, ಅದೇ ಲ್ಯಾಪ್‌ಟಾಪ್, ಟೊರೆಂಟಿನಲ್ಲಿ 150 ಕೆಬಿ. ವಿಪಿಎನ್ (ಒಳಗೇನಿದೆ ಅಂತ ಕಂಪನಿಗೆ ಕಾಣದ ಹಾಗೆ ಮುಚ್ಚಿ ಕಳಿಸುವ ವ್ಯವಸ್ಥೆ) ಹಾಕಿ ಅದೇ ಟೊರೆಂಟ್ ಶುರು ಮಾಡಿದರೆ 8 ಎಂಬಿ. ವಿಪಿಎನ್ ಬೇರೆ ದಾರಿಯಲ್ಲಿ ಹೋಗುತ್ತದೆ, ಹಾಗಾಗಿ ಇದೊಂದೇ ಸಾಕ್ಷಿ ಸಾಲದು. ಏಳು ದಿನವೂ ಅದೇ ಹೊತ್ತಿಗೆ ಅದೇ ಅಂಕಿ ಬಂದಾಗ, ಕಂಪನಿಯೇ ಟೊರೆಂಟನ್ನು ಗುರುತಿಸಿ ನಿಧಾನ ಮಾಡುತ್ತಿದೆ ಎಂಬುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ. ಇನ್ನೊಂದು ಮಾತು: ರೂಟರಿನ ವ್ಯಾನ್ ಐಪಿ (ಕಂಪನಿ ರೂಟರಿಗೆ ಕೊಟ್ಟ ಇಂಟರ್‌ನೆಟ್ ವಿಳಾಸ) 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ಒಂದೇ ಐಪಿಯನ್ನು ಹಲವು ಮನೆಗೆ ಹಂಚಿದ್ದಾರೆ ಎಂದರ್ಥ. ಹೊರಗಿನವರು ನಿಮ್ಮನ್ನು ನೇರವಾಗಿ ತಲುಪಲಾರರು, ಟೊರೆಂಟ್ ಅದರಿಂದಲೂ ನಿಧಾನ ಆಗುತ್ತದೆ. ಅದನ್ನು ಮೊದಲು ನೋಡಿ. ನಾನು ಸ್ಟ್ಯಾಟಿಕ್ ಐಪಿಗೆ, ಅಂದರೆ ನಮ್ಮ ಮನೆಗೇ ಮೀಸಲಾದ ವಿಳಾಸಕ್ಕೆ, ಬೇರೆ ದುಡ್ಡು ಕೊಟ್ಟಿದ್ದೇನೆ, ನನ್ನ ತೊಂದರೆ ಅದಲ್ಲ.

ಕಂಪನಿಗೆ ಟೊರೆಂಟ್ ಗುರುತು ಸಿಗುವುದು ಕಷ್ಟವೇನಲ್ಲ. ಎರಡು ಕಂಪ್ಯೂಟರ್ ಮಾತು ಶುರು ಮಾಡುವಾಗ ಮೊದಲಿಗೇ ‘ಬಿಟ್‌ಟೊರೆಂಟ್ ಪ್ರೊಟೊಕಾಲ್’ ಎಂದು ತೆರೆದ ಅಕ್ಷರದಲ್ಲಿ ಕಳಿಸುತ್ತವೆ. ಕ್ಯುಬಿಟ್‌ಟೊರೆಂಟ್ ಎಂಬ ಟೊರೆಂಟ್ ಸಾಫ್ಟ್‌ವೇರಿನಲ್ಲಿ ಎನ್‌ಕ್ರಿಪ್ಷನ್ (ಬೇರೆಯವರು ಓದಲಾಗದ ಹಾಗೆ ಮಾಡಿ ಕಳಿಸುವುದು) ಕಡ್ಡಾಯ ಮಾಡಿದರೆ ಆ ಗುರುತು ಮರೆಯಾಗುತ್ತದೆ. ನನಗೆ ಎರಡು ವಾರ ಅದು ಕೆಲಸ ಮಾಡಿತು, ಆಮೇಲೆ ಮತ್ತೆ ಅದೇ ಹಾಡು.

ಲೈನ್ ನೋಡಲು ಬಂದ ಹುಡುಗ ವಿಜಯಪುರದ ಕಡೆಯವನು. ಮನೆಯಲ್ಲಿ ಕನ್ನಡ ಕೇಳಿ ಅವನ ಮುಖ ಅರಳಿತು. ಬಾಕ್ಸಿನ ಹಸಿರು ಕನೆಕ್ಟರ್ ಕಿತ್ತು, ತುದಿ ಒರೆಸಿ, ಮೀಟರಿಗೆ ಸಿಕ್ಕಿಸಿ ನನಗೂ ತೋರಿಸಿದ. “ಅಣ್ಣಾರ, ಲೈಟ್ ಮೈನಸ್ ಇಪ್ಪತ್ತೊಂದು ಐತ್ರಿ, ಬರೋಬ್ಬರಿ ಐತಿ. ಇಲ್ಲಿಂದ ಏನೂ ತಪ್ಪಿಲ್ಲ. ಮ್ಯಾಲಿನವರು ಏನರ ಮಾಡಿರಬೇಕು,” ಅಂದ. ಪ್ರಾಮಾಣಿಕ ಹುಡುಗ. ಕಸ್ಟಮರ್ ಕೇರ್‌ನವರು ಮಾತ್ರ, “ಸರ್, ಟೊರೆಂಟ್ ಇಲ್ಲೀಗಲ್,” ಎಂದು ಮುಗಿಸಿಬಿಟ್ಟರು. ಈ ಮಾತು ನನಗೆ ತುಂಬಾ ನೋವು ಕೊಟ್ಟಿತು. ಕದ್ದ ಸಿನಿಮಾ ಹಂಚುವುದು ತಪ್ಪು, ಒಪ್ಪುತ್ತೇನೆ. ಆದರೆ ಡೆಬಿಯನ್, ಅದರಂಥದ್ದೇ ಆದ ಉಬುಂಟು ತಾವೇ ಟೊರೆಂಟ್ ಕೊಡುತ್ತವೆ. ಇಂಟರ್‌ನೆಟ್ ಆರ್ಕೈವ್ ಎಂಬ ಆನ್‌ಲೈನ್ ಗ್ರಂಥಾಲಯ 2012ರಿಂದ ಕೊಡುತ್ತಿದೆ, ಅಲ್ಲಿ ಹಳೆಯ ಕನ್ನಡ ಪುಸ್ತಕಗಳೂ ಇವೆ. ಅಪ್ಪನ ಕ್ಯಾಸೆಟ್ ಯಾವ ಕಳ್ಳಮಾಲು?

2007ರಲ್ಲಿ ಅಮೆರಿಕದ ಇಂಟರ್‌ನೆಟ್ ಕಂಪನಿ ಕಾಮ್‌ಕಾಸ್ಟ್ ಇದನ್ನೇ ಇನ್ನೊಂದು ರೀತಿ ಮಾಡಿತ್ತು. ಎರಡು ಕಂಪ್ಯೂಟರ್‌ಗಳ ನಡುವೆ ನಕಲಿ ಸಂದೇಶ ತೂರಿಸಿ ಸಂಪರ್ಕ ಕಡಿಯುತ್ತಿತ್ತು. ಅದನ್ನು ಪತ್ತೆ ಮಾಡಿದ ರಾಬ್ ಟೊಪೊಲ್‌ಸ್ಕಿ ಹಂಚುತ್ತಿದ್ದದ್ದು ನಾಲ್ವರು ವಾದ್ಯವಿಲ್ಲದೆ ಕೂಡಿ ಹಾಡುವ ಹಳೆಯ ಬಾರ್ಬರ್‌ಶಾಪ್ ಶೈಲಿಯ ಹಾಡುಗಳನ್ನು. ಓದಿದಾಗ ನಮ್ಮ ಮನೆಯ ಕಥೆಯೇ ಅನಿಸಿತು.

ನಮ್ಮಲ್ಲಿ ನಿಯಮ ಸ್ಪಷ್ಟವಾಗಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2017ರ ನವೆಂಬರ್‌ನಲ್ಲಿ ಶಿಫಾರಸು ಮಾಡಿತು, 2018ರಲ್ಲಿ ದೂರಸಂಪರ್ಕ ಇಲಾಖೆ ಒಪ್ಪಿ ಇಂಟರ್‌ನೆಟ್ ಕಂಪನಿಗಳ ಲೈಸೆನ್ಸಿಗೆ ಸೇರಿಸಿತು. ಡೇಟಾದಲ್ಲಿ ಏನಿದೆ, ಯಾವ ಪ್ರೊಟೊಕಾಲ್ (ಡೇಟಾ ಕಳಿಸುವ ವಿಧಾನ) ಅಂತ ನೋಡಿ ತಡೆಯುವಂತಿಲ್ಲ, ನಿಧಾನ ಮಾಡುವಂತಿಲ್ಲ. ದಟ್ಟಣೆ ಇದ್ದಾಗ ನಿಭಾಯಿಸಲು ಅವಕಾಶ ಉಂಟು, ಆದರೆ ಅದು ಅಗತ್ಯಕ್ಕೆ ತಕ್ಕಷ್ಟೇ ಇರಬೇಕು, ತಾತ್ಕಾಲಿಕ ಆಗಿರಬೇಕು, ಗ್ರಾಹಕರಿಗೆ ತಿಳಿಸಿರಬೇಕು. ನಾನು ಅಂಕಿಅಂಶ, ಸ್ಕ್ರೀನ್‌ಶಾಟ್ ಎಲ್ಲ ಇಟ್ಟು ದೂರು ಕೊಟ್ಟೆ. ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಹಿಡಿದು ಮೇಲ್ಮನವಿಗೂ ಹೋದೆ. “ಪೀಕ್ ಅವರ್ ಟ್ರಾಫಿಕ್ ಮ್ಯಾನೇಜ್‌ಮೆಂಟ್” ಎಂದು ಒಂದು ಸಾಲಿನ ಉತ್ತರ ಬಂತು. ಎರಡು ವರ್ಷ ದಿನಾ ಐದು ಗಂಟೆ ನಡೆಯುವುದು ತಾತ್ಕಾಲಿಕ ಹೇಗಾಗುತ್ತದೆ? ಪ್ಲಾನಿನ ಪುಟದಲ್ಲಿ ಇದರ ಒಂದಕ್ಷರ ಇಲ್ಲ. ಸಂಜೆ ಟೊರೆಂಟ್ ನಿಧಾನ ಎಂದು ಮೊದಲೇ ಬರೆದಿದ್ದರೆ ನಾನು ಬೇರೆ ಲೈನ್ ಹುಡುಕುತ್ತಿದ್ದೆ, ಇಷ್ಟು ಬೇಜಾರೂ ಇರುತ್ತಿರಲಿಲ್ಲ.

ಈಗ ಟೊರೆಂಟ್ ಸಾಫ್ಟ್‌ವೇರಿನ ಶೆಡ್ಯೂಲರ್‌ನಲ್ಲಿ ರಾತ್ರಿ ಒಂದರಿಂದ ಬೆಳಿಗ್ಗೆ ಏಳರವರೆಗೆ ಇಟ್ಟಿದ್ದೇನೆ. ಲ್ಯಾಪ್‌ಟಾಪ್ ರಾತ್ರಿಯೆಲ್ಲ ಓಡುತ್ತದೆ. ಮುಂದಿನ ತಿಂಗಳು ಪ್ಲಾನ್ ಮುಗಿಯುತ್ತದೆ, ರಿನ್ಯೂ ಮಾಡುವುದಿಲ್ಲ. ಮೂರನೇ ಮಹಡಿಯವರ ಮನೆಗೆ ಇನ್ನೊಂದು ಕಂಪನಿಯ ಫೈಬರ್ ಬಂದಿದೆ. ಮೊನ್ನೆ ರಾತ್ರಿ ಒಂಬತ್ತಕ್ಕೆ ಅವರ ಅನುಮತಿ ಕೇಳಿ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ ಅದೇ ಟೊರೆಂಟ್ ಹಾಕಿ ನೋಡಿದೆ. 9 ಎಂಬಿ ಬಂತು.